ಅಟ್ಟದ ಏಣಿ

ಅರಸೀಕೆರೆ ಸ್ಟೇಷನ್ ರಸ್ತೆಯಲ್ಲಿ ನನ್ನ ಅಂಗಡಿ.
ಎರಡು ಜಿಬಿ ರ‍್ಯಾಮು, ಸದಾ ಮೈ ಬೆಚ್ಚಗಿರುವ ಹಳೇ ಡಬ್ಬ,
ಪುಗಸಟ್ಟೆ ಸಿಕ್ಕಿತೆಂದು ಹಾಕಿಸಿಕೊಂಡ ಲಿನಕ್ಸು.
ನನ್ನದೂ ಅದರದೂ ಏಳು ವರ್ಷದ ಸಂಸಾರ.

ಮಾರ್ಚ್ ಬಂತೆಂದರೆ ಎಲ್ಲರದೂ ಕಡೇ ದಿನ.
ಪಹಣಿ ಒಂದು ಕಿಟಕಿ, ಪರೀಕ್ಷೆ ಅರ್ಜಿ ಇನ್ನೊಂದು,
ಯಾರದೋ ನಾಮಕರಣದ ಕಾರ್ಡು,
ಕೊಬ್ಬರಿ ಮಂಡಿಯ ಬಿಲ್ಲು.
ಆಮೇಲೆ ಮೌಸಿನ ಬಾಣ ನಿಂತುಬಿಡುತ್ತದೆ,
ಔಟರ್ ಸಿಗ್ನಲ್ಲಿನಲ್ಲಿ ಪ್ಯಾಸೆಂಜರ್ ಗಾಡಿ ನಿಂತ ಹಾಗೆ.
ಒಳಗೆ ಡಿಸ್ಕು ಕರಕರ ಕರಕರ,
ರಾಗಿ ಬೀಸುವ ಸದ್ದು,
ಹಿಟ್ಟು ಮಾತ್ರ ಬೀಳದು.

'ಅಡುಗೆಮನೆ ತುಂಬೋಗಿದೆ ಕಣಕ್ಕಾ' ಅಂದ
ಯುಪಿಎಸ್ ಬ್ಯಾಟರಿ ಬದಲಿಸಲು ಬಂದ ಮುನಾವರ್.
'ಸ್ವಾಪು ಅಂದ್ರೆ ಅಟ್ಟ.
ಸಾಸಿವೆ ಇಳಿಸೋಕೆ ಜಾಗ ಬೇಕು ಅಂತ ಜೀರಿಗೆ ಮೇಲೆ,
ಜೀರಿಗೆ ಬೇಕು ಅಂತ ಸಾಸಿವೆ ಮೇಲೆ.
ಒಂದು ಒಗ್ಗರಣೆಗೆ ಹದಿನಾರು ಸಲ ಏಣಿ.
ಒಲೆ ಮೇಲೆ ನೋಡಿದ್ರೆ ಬರೀ ಬಾಂಡ್ಲಿ.'

ಕರ್ನಲ್ಲಿನ ಕಡೆಯಿಂದ ಒಬ್ಬ ಕೊಲ್ಲುವವನು ಬರುತ್ತಾನಂತೆ,
ಊರು ಕೊಳ್ಳೆ ಹೋದ ಮೇಲೆ
ಕೋಟೆ ಬಾಗಿಲು ಹಾಕುವ ಪೈಕಿ.
ಮುನಾವರ್ ಇನ್ನೊಬ್ಬನನ್ನು ಕೂರಿಸಿದ:
ನೂರಕ್ಕೆ ಹತ್ತು ಪಾಲು ಉಳಿದಿರುವಾಗಲೇ
ದಪ್ಪಗಿರುವವನ ರಟ್ಟೆ ಹಿಡಿದು ಆಚೆ ಹಾಕುವವನು.
'ಯಾರನ್ನ ಮುಟ್ಟಬಾರದು, ಹೆಸರು ಹೇಳಕ್ಕ.'

ಪರದೆ ಇರಲಿ ಅಂದೆ.
ಪ್ರಿಂಟರ್ ಇರಲಿ.
ಅರ್ಜಿ ತುಂಬುವ ಬ್ರೌಸರ್, ಅದಂತೂ ಇರಲೇಬೇಕು.
ನನ್ನ ಬಾಕಿ ಲೆಕ್ಕದ ಹಾಳೆ?
ಬಾಯಿ ತೆರೆದೆ, ಅಷ್ಟರಲ್ಲಿ ಯಾರೋ ಜೆರಾಕ್ಸಿಗೆ ಬಂದರು.

ಮೊನ್ನೆ ರಾತ್ರಿ ಹನ್ನೊಂದೂ ಐವತ್ತು.
ಬಾಣಾವರದ ತಬಸ್ಸುಮ್, ಫೋಟೋ ಅಳತೆ ಹೊಂದದೆ
ಮೂರನೇ ಸಲ ಅಪ್‌ಲೋಡು.
ತಂದ ಹಾಲ್ಕೋವದ ಪೊಟ್ಟಣ ಬಿಚ್ಚದೆ ಹಿಡಿದೇ ಇದ್ದಳು.
ಬಾಣ ಒಮ್ಮೆ ತಡವರಿಸಿತು,
ಎಡವಿದವರು ಸಾವರಿಸಿಕೊಳ್ಳುವಂತೆ ಮತ್ತೆ ನಡೆಯಿತು.
ಲೆಕ್ಕದ ಹಾಳೆ ಇಲ್ಲ.
ಸಂಜೆಯಿಂದ ಸೇವ್ ಮಾಡದ ಆರು ಸಾಲು,
ಆರು ಸಾಲ.
ಅವಳಿಗೇನು ಗೊತ್ತು. 'ಸಲ್ಲಿಸಿ' ಒತ್ತಿದಳು. ಹಸಿರು ಗುರುತು ಬಂತು.

ಐದು ಹೆಸರು ಹೇಗೋ ನೆನಪಾದವು.
ಆರನೆಯವರದು ನಾನೂರ ಹತ್ತು ರೂಪಾಯಿ,
ಮುಖ ಮಾತ್ರ ಯಾವ ಅಟ್ಟದಲ್ಲೂ ಇಲ್ಲ.
ಅಂದಿನಿಂದ ಅಂಗಡಿ ಮುಂದೆ ಹಾದುಹೋಗುವ
ಒಬ್ಬೊಬ್ಬರಿಗೂ
ಚೂರು ಜಾಸ್ತಿಯೇ ನಗುತ್ತಿದ್ದೇನೆ.