ಹತ್ತರಲ್ಲೊಂದು ಪಾಲು

ನಾನು ಎರ್ಮೆಲಿಂಡಾ, ಈ ದ್ವೀಪದ ಅಡುಗೆಯವಳು.
ಎಂಬತ್ತು ಗಂಡಸರು, ಮೂರು ಹಂಡೆ, ಒಂದೇ ಸೌಟು.
ಪೆರುವಿನ ದಡ ಇಲ್ಲಿಗೆ ಕಾಣುವುದಿಲ್ಲ.
ಮರವಿಲ್ಲ, ಹುಲ್ಲಿಲ್ಲ, ಕುಡಿಯುವ ನೀರೂ ದೋಣಿಯಲ್ಲಿ ಬರಬೇಕು.
ಇರುವುದೆಲ್ಲ ಹಕ್ಕಿ, ಹಕ್ಕಿಯ ಹಿಕ್ಕೆ,
ಅದನ್ನು ಕೆರೆದು ಮೂಟೆ ಕಟ್ಟಲು
ಅಂದಾವಾಯ್ಲಾಸ್ ಬೆಟ್ಟ ಇಳಿದು ಬಂದ ನಮ್ಮವರು.

ಕಾವಲುಗಾರ ಕಾಸಿಮಿರೊ ತಿಂಗಳಿಗೊಮ್ಮೆ ಹಕ್ಕಿ ಎಣಿಸುತ್ತಾನೆ,
ಒಂದೊಂದಾಗಿ ಅಲ್ಲ,
ಬಂಡೆ ಎಷ್ಟಗಲ ಕಪ್ಪಾಗಿದೆ ಎಂದು ಅಳೆದು, ಗುಣಿಸಿ.
ಒಂದು ಸಂಜೆ ಒಲೆಯ ಮುಂದೆ ಕೂತು ಹೇಳಿದ:
"ನೀರೊಳಗೆ ಕಣ್ಣಿಗೆ ಕಾಣದ ಹಸಿರಿದೆ.
ಬಿಸಿಲನ್ನೇ ಉಣ್ಣುವುದು ಇಲ್ಲಿ ಅದೊಂದೇ.
ಅದನ್ನುಂಡು ಬೆರಳುದ್ದದ ಆಂಚೊವೇಟ ಮೀನು,
ಮೀನನ್ನುಂಡು ಗ್ವಾನಾಯ್ ಹಕ್ಕಿ.
ಒಂದೊಂದು ಬಾಯಿ ದಾಟುವಾಗಲೂ
ಹತ್ತು ಪಾಲಲ್ಲಿ ಒಂಬತ್ತು ಸೋರಿಹೋಗುತ್ತೆ.
ಮುಂದಕ್ಕೆ ಒಂದೇ. ಅದೂ ಸರಿಸುಮಾರು."

ನನಗೆ ನಗು ಬಂತು.
ನಮ್ಮೂರ ಪಾದ್ರಿ ಒಂಬತ್ತು ಬಿಟ್ಟು ಒಂದು ಕೇಳುತ್ತಿದ್ದ;
ಇದ್ಯಾವ ಪಾದ್ರಿಯಪ್ಪಾ, ಒಂಬತ್ತು ನುಂಗಿ ಒಂದು ಎಸೆಯುವವನು!
"ಎಲ್ಲಿಗೆ ಹೋಗುತ್ತೆ ಆ ಒಂಬತ್ತು?"
ಅವನು ಮಾತಾಡಲಿಲ್ಲ.
ಅಂಗೈಗಳನ್ನು ಹಂಡೆಯ ಪಕ್ಕ ಹಿಡಿದು ಕಾಯಿಸಿಕೊಂಡ.

ಆಮೇಲೆ ಎಲ್ಲಿ ನೋಡಿದರೂ ಅದೇ.
ನಸುಕಿನ ಮಂಜಿನಲ್ಲಿ, ಐವತ್ತು ಕಿಲೊ ಹೊತ್ತು
ಇಳಿಜಾರಲ್ಲಿ ಓಡುವ ಹುಡುಗರ ಬೆನ್ನಿಂದ ಹಬೆ ಏಳುತ್ತದೆ.
ಅದು ನಿನ್ನೆ ರಾತ್ರಿ ನಾನು ಬಡಿಸಿದ ಸೂಪು.
ಹತ್ತೊಂಬತ್ತರ ಅಬ್ದೋನ್ ಮೊಣಕಾಲೂರಿ ಕುಸಿದಾಗ
ಅವನ ಹಣೆ ಮುಟ್ಟಿ ನೋಡಿದೆ:
ತಿಂಗಳಿಂದ ಮೋಡದ ಹಿಂದೆ ಮುಖ ತೋರಿಸದ ಸೂರ್ಯ
ಅಲ್ಲಿ, ಚರ್ಮದಡಿಯಲ್ಲಿ, ಹೊರಡುವ ಅವಸರದಲ್ಲಿದ್ದ.
ಅವನಿಗೆ ಇನ್ನೊಂದು ಸೌಟು ಹಾಕಿದೆ.
ಸಾಲಿನಲ್ಲಿದ್ದವರು ಗೊಣಗಿದರು. ಗೊಣಗಲಿ.

ಹಂಡೆಯಲ್ಲಿರುವುದು ಅಕ್ಕ ಸೆನೋವಿಯಾಳ ಹೊಲದ ಆಲೂಗಡ್ಡೆ.
ಆ ಹೊಲಕ್ಕೆ ಬಿದ್ದದ್ದು ಇದೇ ಬಂಡೆಯ ಹಿಕ್ಕೆ.
ಹಿಕ್ಕೆ ಬೆಟ್ಟ ಹತ್ತಿ, ಗೆಡ್ಡೆಯಾಗಿ ಇಳಿದು,
ಈಗ ಅಬ್ದೋನನ ಭುಜವಾಗಿ ಹಿಕ್ಕೆಯನ್ನೇ ಹೊರುತ್ತಿದೆ.
ಮಣ್ಣಿನದು ಗಾಣದೆತ್ತಿನ ನಡಿಗೆ, ಸುತ್ತಿ ಸುತ್ತಿ ಅಲ್ಲಿಗೇ.
ಕಾವಿನದು ಹಾಗಲ್ಲ.
ಮುಚ್ಚಳ ತೆಗೆದರೆ ಹೊರಟೇ ಹೋಯಿತು,
ಬಂದ ದಾರಿ ಅದಕ್ಕೆ ನೆನಪಿಲ್ಲ.

ಮೂರು ವರ್ಷದ ಹಿಂದೆ, ಕ್ರಿಸ್‌ಮಸ್ಸಿನ ಹೊತ್ತಿಗೆ, ಕಡಲು ಬೆಚ್ಚಗಾಯಿತಂತೆ.
ಸ್ನಾನಕ್ಕೆ ಹಿತವಾಗಿದೆ ಎಂದು ಯಾರೋ ಇಳಿದರಂತೆ.
ಅಡಿಯ ತಣ್ಣೀರು ಮೇಲೆ ಬರದೆ ಹಸಿರು ತೆಳುವಾಯಿತು,
ಮೀನು ಆಳಕ್ಕೆ ಸರಿಯಿತು.
ಹಕ್ಕಿಗಳು ಮುಳುಗಿ ಮುಳುಗಿ ಬರಿಗೊಕ್ಕಿನಲ್ಲೆದ್ದವು,
ಆಮೇಲೆ ಒಂದು ಬೆಳಿಗ್ಗೆ ಮರಿಗಳನ್ನು ಬಿಟ್ಟು ಹಾರಿದವು.
ಬಿಸಿಲಿಗೇನೂ ಬರವಿರಲಿಲ್ಲ,
ಅದನ್ನು ಹಿಡಿದು ಊಟ ಮಾಡುವ ಕೈಗಳಿರಲಿಲ್ಲ.
ಮರಿಗಳು ಎಷ್ಟು ದಿನ ಕೂಗಿದವು ಎಂದು ಕೇಳಿದೆ.
ಕಾಸಿಮಿರೊ ಪುಸ್ತಕ ತೆರೆದು ತೋರಿಸಿದ:
ಆ ತಿಂಗಳ ಕಡೆ ಒಂದು ಗೆರೆ, ಅಷ್ಟೆ.

ಇವತ್ತು ಮಧ್ಯಾಹ್ನ ತಗಡಿನ ಮೇಲೆ ಟಪ್ ಎಂದಿತು.
ಮೇಲೆ ಹಕ್ಕಿಗಳ ಕರಿ ಪಟ್ಟಿ, ಮುಗಿಯದಷ್ಟು ಉದ್ದ;
ಯಾವುದೋ ಒಂದರ ಬಾಯಿಂದ ಜಾರಿದ ಮೀನು,
ಇನ್ನೂ ಬಾಲ ಆಡಿಸುತ್ತಿತ್ತು.
ಕಾಸಿಮಿರೊ ಪೆನ್ಸಿಲು ಹುಡುಕುವುದರೊಳಗೆ
ಹಂಡೆಗೆ ಹಾಕಿ ಮುಚ್ಚಳ ಮುಚ್ಚಿದೆ.