ಹತ್ತಿ

ಸಾಸವಡದ ದಗಡೂ ಶಿತೋಳೆ
ನನ್ನ ಮಾರಿ ನೋಡಲಿಲ್ಲ, ಸೊಂಟಾ ನೋಡಲಿಲ್ಲ,
ಉಳ್ಳಾಗಡ್ಡಿ ಚೀಲ ತೂಗೋ ಕಾಟಾ ತೋರಿಸಿ
"ತಾಯಿ, ಹತ್ತು" ಅಂದ.
ಮರಾಠ್ಯಾಗ ಅದು ಅಕ್ಕ, ನಮ್ಮ ಕಡೆ ಅವ್ವ.
ಯಾವುದಾದರೂ ನಡೀತದ ಅಂತ ಹತ್ತಿದೆ.
ತೊಂಬತ್ತಾರು. ಜೀನು ಸೇರಿ ನೂರಾ ಎಂಟು.
ಜಪದ ಸರದ ಲೆಕ್ಕ ಅಂದ್ಕೊಂಡು ನಕ್ಕೆ.
ಅವ ನಗಲಿಲ್ಲ. ಅಂಗೈ ಮ್ಯಾಲ ಬರಕೊಂಡು
ಏಳು ಕುದುರಿ ದಾಟಿ ಹೋಗಿ
ಎಂಟನೇದರ ಹಗ್ಗ ಬಿಚ್ಚಿದ.

ಇಷ್ಟು ವರ್ಷ ಈ ಪುಣೆದಾಗ
ಎಲ್ಲಾ ಕಾಟಾನೂ ನನ್ನ ಬೈಲಿಕ್ಕೇ ಹುಟ್ಟಿದ್ದವು:
ಡಾಕ್ಟರಂದು,
ಸ್ವಾರಗೇಟಿನಾಗ ರೂಪಾಯಿ ನುಂಗಿ ದೀಪ ಮಿನುಗಿಸೂದು,
ನಾದಿನಿ ಕಣ್ಣಿಂದು.
ಇದೊಂದ ಕುದುರಿ ಪರ ನಿಂತದ್ದು.
ಇದರ ಮ್ಯಾಲ ಸಿಟ್ಟ ಬರಲಿಲ್ಲ.

ಹರಿಣಿ ಅಂತ ಹೆಸರು, ಜಿಂಕಿ ಲಕ್ಷಣ ಒಂದೂ ಇಲ್ಲ.
ಮೊದಲು ಮದವಿ ಸಾರೋಟು ಎಳೀತಿದ್ದಳಂತ,
ಬ್ಯಾಂಡಿನ ಗದ್ದಲಕ್ಕ ಕಿವಿ ಬ್ಯಾಸತ್ತಾವ.
ಒನಕಿ ಕಾಲು,
ಮನಿ ಮುಂದಿನ ಕಟ್ಟಿ ಹಂಗ ಅಗಲ ಬೆನ್ನು.
ಹತ್ತಲಿಕ್ಕೆ ಸ್ಟೂಲ್ ಇಟ್ಟಾಗ ನಾ ನಾಚಿದೆ.
"ಅದು ನಿಮಗಲ್ಲ, ಅಕೀ ಬೆನ್ನು ಜಗ್ಗಬಾರದಂತ."
ಎಷ್ಟೋ ವಿಷಯ ನನ್ನ ಬಗ್ಗೆ ಅಲ್ಲವೇ ಅಲ್ಲ
ಅನ್ನೂದು ಐವತ್ತೊಂದಕ್ಕ ತಿಳೀತು.

ತೊಡಿ ಉಜ್ಜತಾವ. ಸುಳ್ಳ ಯಾಕ ಹೇಳ್ಲಿ?
ಹರಳೆಣ್ಣಿ ಹಚ್ಚಿ ಮ್ಯಾಲ ಹಳೇ ಇಳಕಲ್ಲ ಸೀರಿ ಹರದು ಸುತ್ತಿದ್ದೆ.
ರಿಕಾಪಿನ ಪಟ್ಟಿ ಎರಡು ತೂತು ಉದ್ದ,
ಭವಾನಿ ಪೇಠಿನ ಚಮ್ಮಾರ ಹೊಸದಾಗಿ ಚುಚ್ಚಿದ್ದು.
ಹಿಂಗ ಇನ್ನೂ ಕತ್ತಲಿದ್ದಾಗ ಹೊಂಟಿವಿ,
ಅಂಜೂರ ತೋಟದ ನಡುವ,
ಎಲಿ ವಾಸನಿ ಮೂಗಿಗೆ ಹಸರ ಹಾಲಿನಂಗ ಅಂಟತಿತ್ತು.

ಕಱ್ಹಾ ಹೊಳ್ಯಾಗ ಮೊಳಕಾಲಷ್ಟ ನೀರು.
ಆಕಿ ಕುಡದಳು.
ಒಂದೊಂದ ಗುಟುಕೂ ನನ್ನ ಎರಡು ಕಾಲಿನ ನಡುವ ದಾಟಿ ಹೋತು,
ನಾನ ಕುಡದಂಗ.

ಆಮ್ಯಾಲ ದುಡುಕಿ.
ಮೊದಲ ನನ್ನ ಹೊಟ್ಟಿ ನನ್ನ ತಾಳಕ್ಕ, ಆಕಿ ಹೊಟ್ಟಿ ಆಕಿ ತಾಳಕ್ಕ,
ನಡುವ ಜೀನು ಪಂಚಾಯ್ತಿ ಮಾಡ್ತಿತ್ತು.
ಎಲ್ಲೋ ಒಂದು ಸೀತಾಫಲದ ಬೇಲಿ ಹತ್ರ
ಎರಡೂ ಒಂದಾದವು.
ಎಲ್ಲಿ ಅಂತ ಗುರುತ ಇಟ್ಟಿಲ್ಲ,
ಇಟ್ಟಿದ್ದರ ಬಿಟ್ಟು ಹೋಗಿರತಿತ್ತು.

ಸಾಲಿ ಹುಡುಗ ಒಬ್ಬ ಸೈಕಲ್ ನಿಲ್ಲಿಸಿ ಕೂಗಿದ:
"ಹತ್ತಿ! ಕುದುರಿ ಮ್ಯಾಲ ಹತ್ತಿ!"
ಅವನ ಭಾಷಾದಾಗ ಆನಿ.
ನಾ ನನ್ನ ಭಾಷಾದಾಗ ಕೇಳಿಸಿಕೊಂಡೆ:
ಬಿಳೀದು, ಹಗರಂದು,
ಒಡದ ಕಾಯಿಂದ ತಾನ ಹೊರಗ ಬರೂದು.
ಕೈ ಬೀಸಿದೆ. ಅವನೂ ಬೀಸಿದ, ಪಾಪ,
ಬೈದದ್ದು ಮರತು.

ಜೇಜುರಿ. ಗುಡ್ಡದ ಮ್ಯಾಲ ನಮ್ಮ ಮೈಲಾರ.
ಮೆಟ್ಟಲಾ ಇನ್ನೊಂದು ದಿನ, ದೇವರ.
ಕೆಳಗಿಂದನ ಕೈ ಮುಗದೆ.
ಪಟದಾಗ ಹೆಂಡತೀನ ಕೂಡ್ರಿಸಿಕೊಂಡು ಒಂದ ಕುದುರಿ ಮ್ಯಾಲ
ಕತ್ತಿ ಎತ್ತಿ ಹೊಂಟಾನ.
ನಿನಗ ಯಾರರೆ ಕಾಟಾ ತೋರಿಸಿದ್ರೇನೋ ಮಲ್ಲಯ್ಯ?
ಆ ಕುದುರೀನ್ನ ಯಾರರೆ ಕೇಳಿದ್ರೇನು?

ಚಾ ಕುಡಿಯೂ ಮುಂದ ತಂಗಿ ಫೋನು, ಜಮಖಂಡಿಯಿಂದ.
"ಕುದುರಿ ಹತ್ತಿ ಎಷ್ಟು ಇಳದಿ?"
ಮೂರು ಸಲ, ಅಂದೆ.
ಎರಡು ಇಳಕಲಕ್ಕ, ಒಂದು ಈ ಚಾಕ್ಕ.
ಆಕಿಗೆ ತಿಳೀಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ.
ಇಳಕಲದಾಗ ಲಗಾಮು ಹಿಡದು ಬಾಜೂಕ ನಡಿಯೂದು,
ಮಂಡಿ ಶಾಪ ಹಾಕೂದು,
ಭುಜಕ್ಕ ಆಕಿ ಬಿಸಿ ಉಸರು ತಾಗೂದು,
ಅದನ್ನ ಫೋನಿನಾಗ ಹೆಂಗ ಹೇಳೂದು?

ಮೋರಗಾವಿಗೆ ಹೊತ್ತು ಮುಣುಗಿತ್ತು.
ದಗಡೂ ಜೀನು ಕಿತ್ತ.
ತೊಯ್ದ ಬೆನ್ನಿನ ಮ್ಯಾಲ ಬೆರಳು ಒತ್ತಿ ಒತ್ತಿ,
ಕೂಸಿನ ಜ್ವರ ನೋಡೋರಂಗ,
ಈ ಕಡೆ, ಆ ಕಡೆ.
ನಾ ಉಸರು ಹಿಡದು ನಿಂತಿದ್ದೆ,
ಯಾವ ಡಾಕ್ಟರ ಮುಂದೂ ಹಂಗ ನಿಂತಿರಲಿಲ್ಲ.
ಬಾವಿಲ್ಲ. ಕಾವಿಲ್ಲ. ಆಕಿ ಬಾಲ ಬೀಸಿ ನೊಣ ಓಡಿಸಿದಳು.
ಅವ ಕಿಸೆಯಿಂದ ಬೆಲ್ಲ ತಗದು ಆಕಿ ಬಾಯಿಗಿಟ್ಟ.

ನಂದೂ ಕೈ ಮುಂದ ಹೋಗಿತ್ತು,
ಯಾವಾಗ ಅಂತ ಗೊತ್ತಿಲ್ಲ.
ಒಂದು ಚೂರು ಮುರದು ಕೊಟ್ಟ.
ಕುದುರಿ ಜೊಲ್ಲು ಹತ್ತಿತ್ತು. ತಿಂದೆ.