ರಾಯದುರ್ಗದಲ್ಲಿ ಕರೆಂಟು ಹೋದಾಗ

ಹನ್ನೊಂದು ವರ್ಷ ದಾರ ಕಚ್ಚಿದ್ದೇನೆ.
ಜೀನ್ಸ್ ಪ್ಯಾಂಟಿನ ದಪ್ಪ ದಾರ, ಅರಿಶಿಣ ಬಣ್ಣದ್ದು,
ಒಂದು ಪ್ಯಾಂಟಿಗೆ ಹದಿನಾಲ್ಕು ಸಲ,
ಎಷ್ಟು ಪ್ಯಾಂಟೋ ಅಷ್ಟು ರೊಕ್ಕ.
ಕತ್ತರಿ ಇತ್ತು. ಎತ್ತಿ ಇಡುವಷ್ಟರಲ್ಲಿ
ಪಕ್ಕದವಳು ಒಂದು ಜೇಬು ಮುಂದೆ.
ಹಲ್ಲಾದರೆ ಕಳೆಯುವುದಿಲ್ಲ, ಯಾರೂ ಎರವಲು ಕೇಳುವುದಿಲ್ಲ.

ಮೊದಲು ಬಂದದ್ದು ಸದ್ದು.
ಆಕಳಿಸಿದರೆ ಕಿವಿಯ ಬುಡದಲ್ಲಿ ಟಕ್,
ಟಿಚ್ ಬಟನ್ ಬಿಚ್ಚಿದ ಹಾಗೆ.
ನೋವು ಆಮೇಲೆ, ನೆಂಟರ ಹಾಗೆ, ಚೀಲ ಸಮೇತ.
ಬೆಳಿಗ್ಗೆ ಏಳುವಾಗ ದವಡೆ ಎರಡೂ
ರಾತ್ರಿಪಾಳಿ ಮುಗಿಸಿ ಬಂದವರಂತೆ ಬಿಗಿದಿರುತ್ತಿದ್ದವು.
ಕಣತಲೆ, ಕಿವಿ, ಕತ್ತು, ಹೆಗಲು...
ಎಲ್ಲಿ ನೋವು ಅಂದರೆ
ಬೆರಳು ಒಂದು ಕಡೆ ನಿಲ್ಲುತ್ತಿರಲಿಲ್ಲ.

ಅನಂತಪುರದ ಕಿವಿ ಡಾಕ್ಟರು ದೀಪ ಹಾಕಿ ನೋಡಿ
ಕಿವಿ ಚೆನ್ನಾಗಿದೆ ಅಂದರು.
ಚೆನ್ನಾಗಿರೋ ಕಿವಿಗೇ ಹನಿ ಬರೆದರು.
ಬಸ್ ಸ್ಟ್ಯಾಂಡ್ ಹತ್ತಿರದವನು ಹಿಂದಿನ ಹಲ್ಲು ಕಿತ್ತು
ಕಾಗದದಲ್ಲಿ ಸುತ್ತಿ ಕೈಗೆ ಕೊಟ್ಟ.
ಹುಳುಕಿರಲಿಲ್ಲ. ಈಗಲೂ ಸೂಜಿ ಡಬ್ಬಿಯಲ್ಲಿದೆ.
ಅತ್ತೆ ಮೆಣಸಿನಕಾಯಿ ನಿವಾಳಿಸಿದಳು;
ಘಾಟಿಗೆ ಕೆಮ್ಮಿ ಕೆಮ್ಮಿ ದವಡೆ ಇನ್ನಷ್ಟು ಹಿಡಿಯಿತು.
"ಟೆನ್ಷನ್ ಮಾಡ್ಕೋಬೇಡಮ್ಮ" ಅಂದವರ ಲೆಕ್ಕ ಇಟ್ಟಿಲ್ಲ.
ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದ ದಿನ
ಮನೆಯವರೆಲ್ಲ ಎಕ್ಸ್‌ರೇ ಬಿಟ್ಟು ನನ್ನನ್ನು ನೋಡಿದರು.

ಜೋಳದ ರೊಟ್ಟಿ ಬಿಟ್ಟೆ. ಹುರಿಗಡಲೆ ಬಿಟ್ಟೆ.
ಉಗ್ಗಾಣಿ ಒಂದೇ ಗತಿ, ಜೊತೆಯ ಮಿರ್ಚಿ ಬರೀ ನೋಡಲಿಕ್ಕೆ.
ಹಲ್ಲೂ ಇತ್ತು, ಕಡಲೆಯೂ ಇತ್ತು,
ಬಾಗಿಲು ಮಾತ್ರ ಎರಡು ಬೆರಳಗಲ.

ಬಳ್ಳಾರಿಯ ಆ ಹುಡುಗಿ ಡಾಕ್ಟರು
ಮೊದಲು ಬಾಯೊಳಗೆ ನೋಡಲೇ ಇಲ್ಲ.
ಕಿವಿಯ ಮುಂದೆ ಎರಡೂ ಕಡೆ ಬೆರಳಿಟ್ಟು
"ಮೆಲ್ಲಗೆ ತೆರೀರಿ" ಅಂದಳು.
ಗೋಡೆಯಾಚೆ ಯಾರೋ ನಡೆದಾಡುವುದನ್ನು ಕೇಳುವವಳಂತೆ
ಕಣ್ಣು ಮುಚ್ಚಿದಳು.
"ಇಲ್ಲೊಂದು ಕೀಲು. ನಡುವೆ ಮೆತ್ತನೆ ಬಿಲ್ಲೆ. ಜಾರಿದೆ.
ಏನು ಕೆಲಸ?"
ಹೇಳಿದೆ.
"ದಾರ ಯಾವುದರಲ್ಲಿ ಕತ್ತರಿಸ್ತೀರಿ?"
ಇದನ್ನು ಯಾರೂ ಕೇಳಿರಲಿಲ್ಲ.
ಅಳು ಬಂತು. ಬಾಯಿ ತೆರೆದೇ ಇತ್ತು.

ನನ್ನ ರೀತಿಯಲ್ಲಿ ನನಗೆ ಅರ್ಥವಾಯಿತು:
ಮಿಷನ್ನಿನ ಪಾದದಡಿ ಬಟ್ಟೆ ಸರಿದರೆ
ಕಬ್ಬಿಣ ಕಬ್ಬಿಣವನ್ನು ಕಚ್ಚುತ್ತದೆ.
ನುಂಗಿದ ಮಾತೆಲ್ಲ ದವಡೆಯಲ್ಲಿ ಕೂತಿದೆ
ಅಂದಳು ನಮ್ಮ ಓಬುಳಮ್ಮ. ಬೇರೆಯವರಿಗೆ ಇರಬಹುದು.
ನಾನು ನುಂಗಿದವಳಲ್ಲ,
ಓನರನ್ನು ತೆಲುಗಿನಲ್ಲಿ ಬೈದು
ಕನ್ನಡದಲ್ಲಿ ಇನ್ನೊಂದು ಸುತ್ತು ಬೈದವಳು.

ಪೂರ್ತಿ ಹೋಗುವುದಿಲ್ಲ, ಅಂತ ಹೇಳಿಯೇ ಕಳಿಸಿದಳು.
ಬಿಸಿ ಶಾಖ, ಮೆತ್ತನೆ ಊಟ, ರಾತ್ರಿ ಹಲ್ಲಿಗೊಂದು ತೊಡುಗೆ,
ಮತ್ತೆ ಒಂದು ಪಾಠ:
ತುಟಿ ಕೂಡಿರಲಿ, ಹಲ್ಲು ಬೇರೆ ಇರಲಿ,
ನಾಲಗೆ ಅಂಗುಳಕ್ಕೆ ಒರಗಿರಲಿ.
(ಅಂಗಳದ ಗೋಡೆಗೆ ಬೆಕ್ಕು ಒರಗಿದ ಹಾಗೆ,
ಅಂತ ನಾನೇ ಸೇರಿಸಿಕೊಂಡೆ.)
ಸಣ್ಣ ಕತ್ತರಿಯೊಂದನ್ನು ಲಾಡಿಯಿಂದ ಮಿಷನ್ನಿಗೆ ಕಟ್ಟಿದೆ.
ಮೇಲೆ ಸೀಮೆಸುಣ್ಣದಲ್ಲಿ ಬರೆದೆ: ಹಲ್ಲು ಬಿಡು.
ಕನ್ನಡದವರು ಓದಿ ಹಲ್ಲು ಬಿಡುತ್ತಾರೆ.
ತೆಲುಗಿನವರು ಅಕ್ಷರ ಕೂಡಿಸಿ ಕೂಡಿಸಿ
ಇದು ಯಾವ ದೇವರು ಅನ್ನುತ್ತಾರೆ.
ದಿನಕ್ಕೆ ಮೂರು ಪ್ಯಾಂಟು ಕಮ್ಮಿ ನನಗೆ.
ಮಳೆಮೋಡ ಕಂಡರೆ ಈಗಲೂ ಎಡಗಿವಿ ಮಿಡಿಯುತ್ತದೆ.

ನಿನ್ನೆ ಮಧ್ಯಾಹ್ನ ಕರೆಂಟು ಹೋಯಿತು.
ನಲವತ್ತು ಮಿಷನ್ನು ಒಂದೇ ಉಸಿರಿಗೆ ನಿಂತವು.
ಡಬ್ಬಿ ಬಿಚ್ಚಿದೆವು. ಒಣ ರೊಟ್ಟಿ, ಶೇಂಗಾ ಪುಡಿ.
ಟಕ್.
ನನ್ನದಲ್ಲ.
ಮಾಬುನ್ನಿಯ ಕಡೆಯಿಂದ. ಮತ್ತೆ ಮೂಲೆಯಲ್ಲಿ ತಿಪ್ಪಕ್ಕ. ಟಕ್.
ಎಷ್ಟು ವರ್ಷದಿಂದಲೋ, ಮೋಟರಿನ ಸದ್ದಿನಡಿ.

ಕೈ ತೊಳೆದೆ. ನೀಲಿ ಹೋಗುವುದಿಲ್ಲ, ಆದರೂ ತೊಳೆದೆ.
ಮಾಬುನ್ನಿಯ ಸೆರಗು ಸರಿಸಿ
ಕಿವಿಯ ಮುಂದೆ ಎರಡೂ ಕಡೆ ಬೆರಳಿಟ್ಟೆ.
ಮೆಲ್ಲಗೆ ತೆರಿ, ಅಂದೆ.
ಕರೆಂಟು ಈಗಲೇ ಬರದಿರಲಿ.